ಮಾರತ್ತಹಳ್ಳಿಯ ಮನೆಮಾತುಗಳು

1991ರ ಜನಗಣತಿಯ ವೇಳೆ ನಾನು ಕಂದಾಯ ಇಲಾಖೆಯಲ್ಲಿ ಕಿರಿಯ ಅಧಿಕಾರಿ. ಗಣತಿದಾರರಾಗಿದ್ದ ಪ್ರಾಥಮಿಕ ಶಾಲೆಯ ಮೇಷ್ಟ್ರೊಬ್ಬರ ಜೊತೆ ಮಾರತ್ತಹಳ್ಳಿಯಲ್ಲಿ ಮನೆಮನೆ ಸುತ್ತಿದ್ದೆ. ಅಂದು ಅದು ಬೆಂಗಳೂರು ದಕ್ಷಿಣ ತಾಲ್ಲೂಕು, ವರ್ತೂರು ಹೋಬಳಿಯ ಊರು. ಮಾತೃಭಾಷೆಯ ಕಾಲಂ ಬಂದಾಗ ಒಂದು ಮನೆಯ ಹಿರಿಯರು ನಕ್ಕರು. ‘ಮನೇಲಿ ತೆಲುಗು ಆಡ್ತೀವಿ, ಊರಲ್ಲಿ ಕನ್ನಡ. ಹಲಸೂರಿಗೆ ತರಕಾರಿ ಹಾಕೋಕ್ಕೆ ಹೋದ್ರೆ ತಮಿಳು. ಯಾವ್ದು ಬೇಕೋ ಬರ್ಕೊಳ್ಳಿ ಸ್ವಾಮಿ.’

ಬಾಲ್ಯದಲ್ಲಿ ತಾಯಿ ಮಗುವಿನೊಡನೆ ಆಡಿದ ಭಾಷೆಯೇ ಮಾತೃಭಾಷೆ ಎಂಬುದು ಗಣತಿಯ ವ್ಯಾಖ್ಯೆ. ಮೇಷ್ಟ್ರು ತೆಲುಗು ಎಂದು ಬರೆದು, ಬಲ್ಲ ಇತರ ಭಾಷೆಗಳ ಜಾಗದಲ್ಲಿ ಕನ್ನಡ, ತಮಿಳು ಸೇರಿಸಿದರು. ಹಿರಿಯರಿಗೆ ಸಮಾಧಾನವಾಗಲಿಲ್ಲ. ‘ಹಂಗಂತ ನಾವೇನು ಆಂಧ್ರದೋರಲ್ಲ, ಅದನ್ನೂ ಬರೀರಿ’ ಎಂದರು. ಅದನ್ನು ಬರೆಯಲು ನಮೂನೆಯಲ್ಲಿ ಜಾಗವಿರಲಿಲ್ಲ.

ನಿವೃತ್ತಿಯ ಬಳಿಕ ಅದೇ ಊರಿನ ಅಪಾರ್ಟ್‌ಮೆಂಟೊಂದರಲ್ಲಿ ನೆಲೆಸಿದ್ದೇನೆ. ಇಲ್ಲಿ ಕನ್ನಡವೇ ಕಿವಿಗೆ ಬೀಳುವುದಿಲ್ಲ ಎಂಬ ಕೊರಗನ್ನು ಬಸವನಗುಡಿ, ಮಲ್ಲೇಶ್ವರದ ಗೆಳೆಯರಿಂದ ಆಗಾಗ ಕೇಳುತ್ತೇನೆ. ಕೊರಗು ಸುಳ್ಳಲ್ಲ. ಆದರೆ ಒಂದು ಕಾಲಕ್ಕೆ ಇಲ್ಲಿ ಕನ್ನಡವೊಂದೇ ಇತ್ತು ಎಂಬ ನೆನಪು ಮಾತ್ರ ನಿಜವಲ್ಲ. ಇದೇ ಹಳೆಯ ವಿಮಾನ ನಿಲ್ದಾಣ ರಸ್ತೆಯ ದೊಮ್ಮಲೂರಿನಲ್ಲಿ ಚೊಕ್ಕನಾಥಸ್ವಾಮಿ ದೇವಾಲಯದ ಶಾಸನಗಳು ತಮಿಳಿನಲ್ಲಿವೆ. ಹತ್ತೊಂಬತ್ತನೆಯ ಶತಮಾನದ ದಂಡು ಪ್ರದೇಶ ತಮಿಳರನ್ನೂ ಉರ್ದು ಭಾಷಿಕರನ್ನೂ ಕರೆತಂದಿತು. 1882ರಲ್ಲಿ ಮೈಸೂರು ಅರಸರು ಕೊಟ್ಟ ಜಮೀನಿನಲ್ಲಿ ಆಂಗ್ಲೋ-ಇಂಡಿಯನ್ನರು ವೈಟ್‌ಫೀಲ್ಡ್ ಕಟ್ಟಿಕೊಂಡರು. 1940ರಲ್ಲಿ ವಿಮಾನ ಕಾರ್ಖಾನೆ ಬಂದಾಗ ಅದರ ಹಿಂದೆ ಮಲಯಾಳಿಗಳೂ ಮರಾಠಿಗರೂ ಬಂದರು. (ಎಚ್‌ಎಎಲ್‌ನ ಮರುತ್ ವಿಮಾನದಿಂದ ಊರಿಗೆ ಈ ಹೆಸರು ಬಂತೆಂಬ ಕಥೆಯನ್ನು ಹೊಸಬರು ಬಲು ಪ್ರೀತಿಯಿಂದ ಹೇಳುತ್ತಾರೆ. ಆ ವಿಮಾನ ಮೊದಲು ಹಾರಿದ್ದು 1961ರಲ್ಲಿ. ಊರು ಅದಕ್ಕಿಂತ ಎಷ್ಟೋ ಹಳೆಯದು.)

ಇಷ್ಟು ಭಾಷೆಗಳ ನಡುವೆ ಕನ್ನಡ ನಿಂತದ್ದು ಹೇಗೆ? ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನಗೆ ತೋರುವ ಉತ್ತರ ಅಷ್ಟೇನೂ ಭಾವುಕವಾದುದಲ್ಲ. ವ್ಯವಹಾರದ ಗರಜು ಯಾರಿಗೆ ಹೆಚ್ಚೋ ಅವರು ಎದುರಿನವರ ಭಾಷೆ ಕಲಿಯುತ್ತಾರೆ. ಕಾರ್ಖಾನೆಯ ತಮಿಳು ಕಾರ್ಮಿಕನಿಗೆ ಊರಿನವರ ಬಾಡಿಗೆ ಕೋಣೆ ಬೇಕಿತ್ತು, ಬಾವಿಯ ನೀರು ಬೇಕಿತ್ತು, ಚೀಟಿ ಹಾಕಲು ನಂಬಿಕಸ್ಥರು ಬೇಕಿದ್ದರು. ಊರಿನವರು ಮನೆಯಲ್ಲಿ ಏನೇ ಆಡಿಕೊಳ್ಳಲಿ, ಹೊರಗಿನವರೊಡನೆ ಆಡುತ್ತಿದ್ದುದು ಕನ್ನಡ. ಹೀಗಾಗಿ ಅವನೂ ಕಲಿತ.

1990ರ ದಶಕದ ಕೊನೆಯಲ್ಲಿ ವೈಟ್‌ಫೀಲ್ಡ್‌ನ ಟೆಕ್ ಪಾರ್ಕ್, ಅದರ ಬೆನ್ನಿಗೇ ಹೊರವರ್ತುಲ ರಸ್ತೆ ಬಂದು ಈ ಲೆಕ್ಕ ತಲೆಕೆಳಗಾಯಿತು. ರಾಗಿ ಬೆಳೆಯುತ್ತಿದ್ದ ನೆಲದಲ್ಲಿ ಪಿ.ಜಿ.ಗಳು ಎದ್ದವು. ನೆಲ್ಲೂರು, ಗುಂಟೂರುಗಳಿಂದ, ಪಟ್ನಾ, ಭುವನೇಶ್ವರಗಳಿಂದ ಬಂದ ಯುವಕರು ಅವುಗಳನ್ನು ತುಂಬಿದರು. ಗರಜು ಈಗ ಬಾಡಿಗೆ ಪಡೆಯುವವನದು. 1991ರ ಆ ಹಿರಿಯರ ಮಗ ಇಂದು ಎರಡು ಪಿ.ಜಿ.ಗಳ ಮಾಲೀಕ, ತಿಂಗಳ ಮೊದಲ ವಾರ ಆತ ಆಡುವುದು ಹಿಂದಿ. ಆಂಧ್ರದ ಹುಡುಗರೊಡನೆ ಮನೆಯ ತೆಲುಗನ್ನೇ ಆಡುತ್ತಾರೆ. ಅದರಲ್ಲಿ ಬೆರೆತ ಕನ್ನಡ ಪದಗಳಿಗೆ ಹುಡುಗರು ನಗುತ್ತಾರಂತೆ. ಮೊಮ್ಮಕ್ಕಳದು ಇಂಗ್ಲಿಷ್ ಶಾಲೆ. ಆ ಕುಟುಂಬದಲ್ಲಿ ತೆಲುಗು ಉಳಿದಿದೆ. ಕನ್ನಡ ಆಡಬೇಕಾದ ಸಂದರ್ಭಗಳೇ ಇಲ್ಲವಾಗಿವೆ. ವಲಸಿಗರನ್ನು ಬೈಯುವವರು ಈ ಮನೆಯ ಒಳಗೊಮ್ಮೆ ನೋಡಬೇಕು.

ಸರ್ಕಾರದ ಪಾತ್ರವೂ ಸಣ್ಣದಲ್ಲ. 2007ರಲ್ಲಿ ಮಹದೇವಪುರ ನಗರಸಭೆ ಬಿಬಿಎಂಪಿಯಲ್ಲಿ ಲೀನವಾಯಿತು. 2025ರಲ್ಲಿ ಈ ಭಾಗ ಬೆಂಗಳೂರು ಪೂರ್ವ ನಗರ ಪಾಲಿಕೆಗೆ ಸೇರಿತು. ಕಚೇರಿಗಳ ಹೆಸರು ಬದಲಾದವು, ಹೊಸಬರಿಗೆ ಕನ್ನಡ ಕಲಿಸುವ ವ್ಯವಸ್ಥೆ ಯಾವ ಕಚೇರಿಯ ಕೆಲಸವೂ ಆಗಲಿಲ್ಲ. ನಾಮಫಲಕದಲ್ಲಿ ಶೇ 60ರಷ್ಟು ಕನ್ನಡವಿರಬೇಕೆಂದು 2024ರಲ್ಲಿ ಕಾನೂನು ತಿದ್ದಿದ್ದು ಸರಿಯೇ. ಆದರೆ ಫಲಕದ ಕೆಳಗೆ ಕುಳಿತವನು ಅದನ್ನು ಓದಬಲ್ಲನೇ ಎಂದು ಯಾರೂ ಕೇಳುತ್ತಿಲ್ಲ. ನಾನೂ ಸೇವೆಯಲ್ಲಿದ್ದಾಗ ಕೇಳಿದವನಲ್ಲ.

ಇನ್ನು ನಮ್ಮ ಕಣ್ಣಿಗೆ ಬೀಳದ ಕನ್ನಡಿಗರಿದ್ದಾರೆ. ಇಲ್ಲಿನ ಗೋಪುರದಂಥ ಕಟ್ಟಡಗಳಿಗೆ ಗಾರೆ ಕಲಸಿದವರಲ್ಲಿ ರಾಯಚೂರು, ಯಾದಗಿರಿ ಕಡೆಯವರು ಬಹಳ. 2020ರ ಜನವರಿಯಲ್ಲಿ ಸಮೀಪದ ಕರಿಯಮ್ಮನ ಅಗ್ರಹಾರದಲ್ಲಿ, ಬಾಂಗ್ಲಾದೇಶೀಯರೆಂಬ ಗುಮಾನಿಯ ಮೇಲೆ ಗುಡಿಸಲುಗಳನ್ನು ನೆಲಸಮ ಮಾಡಲಾಯಿತು. ಬೀದಿಗೆ ಬಿದ್ದವರಲ್ಲಿ ಅಸ್ಸಾಂ, ತ್ರಿಪುರಾದವರ ಜೊತೆ ಉತ್ತರ ಕರ್ನಾಟಕದವರೂ ಇದ್ದರು. ಹೈಕೋರ್ಟ್ ಆಕ್ಷೇಪಿಸಿತು, ಆ ವೇಳೆಗೆ ಪಾತ್ರೆಪಗಡಗಳು ಮಣ್ಣುಪಾಲಾಗಿದ್ದವು. ಕನ್ನಡಕ್ಕಾಗಿ ಸದಾ ಮಿಡಿಯುವ ನಮ್ಮ ವಲಯ, ಕನ್ನಡದಲ್ಲೇ ಅತ್ತ ಆ ಹೆಂಗಸರ ಪರವಾಗಿ ಹೆಚ್ಚೇನೂ ಮಾತನಾಡಲಿಲ್ಲ.

2011ರ ಗಣತಿಯಲ್ಲಿ ಬೆಂಗಳೂರು ನಗರ ಜಿಲ್ಲೆಯ ಅರ್ಧಕ್ಕಿಂತ ಕಡಿಮೆ ಜನ ಕನ್ನಡವನ್ನು ಮಾತೃಭಾಷೆ ಎಂದು ಹೇಳಿದ್ದರು. ಚಳವಳಿಗಳ ವೇದಿಕೆಯಲ್ಲಿ ಇದನ್ನು ಸೋಲಿನ ಲೆಕ್ಕದಂತೆ ಓದುತ್ತಾರೆ. ಆದರೆ ನಾನು ಕಂಡ ಆ ಹಿರಿಯರಂಥವರೂ ಆ ಲೆಕ್ಕದಲ್ಲಿ ಕನ್ನಡೇತರರೇ. ಅವರ ಕನ್ನಡವಿರುವುದು ಬಲ್ಲ ಇತರ ಭಾಷೆಗಳ ಕಾಲಂನಲ್ಲಿ. ಅದು ಹಿಗ್ಗುತ್ತಿದೆಯೋ ಕುಗ್ಗುತ್ತಿದೆಯೋ ಎಂಬುದೇ ಈ ನಗರದ ಮಟ್ಟಿಗೆ ನಿಜವಾದ ಪ್ರಶ್ನೆ. 2021ರಲ್ಲಿ ಆಗಬೇಕಿದ್ದ ಗಣತಿ ಆಗಲಿಲ್ಲ. ಹೊಸ ಗಣತಿಗೆ 2027ರ ಮಾರ್ಚ್ 1 ಆಧಾರದಿನ.

ನಮ್ಮ ಅಪಾರ್ಟ್‌ಮೆಂಟ್ ಸಂಘದ ಸಭೆಗಳು ಇಂಗ್ಲಿಷಿನಲ್ಲಿ ಶುರುವಾಗಿ, ಜಗಳ ಹತ್ತಿದಾಗ ಹಿಂದಿಗೆ ಹೊರಳುತ್ತವೆ. ಗೇಟಿನ ಕಾವಲುಗಾರನ ಮನೆಮಾತು ಬೋಡೊ. ಮನೆಗೆಲಸಕ್ಕೆ ಬರುವ ಯಾದಗಿರಿಯ ಹೆಣ್ಣುಮಗಳಿಗೆ ಹಿಂದಿ ಬಾರದು. ಬೆಳಿಗ್ಗೆ ರಿಜಿಸ್ಟರಿನಲ್ಲಿ ಅವಳ ಹೆಸರು ಬರೆದುಕೊಳ್ಳಬೇಕು, ಸಂಜೆ ಅವಳ ಚೀಲ ನೋಡಬೇಕು, ಮಾತಿಲ್ಲದೆ ಆಗದು. ಮೊನ್ನೆ ಅವಳು ತಡವಾಗಿ ಬಂದಾಗ ಆತ ಗೇಟು ತೆಗೆಯುತ್ತಾ ಕೇಳಿದ: ‘ಯಾಕಬೇ, ಇವತ್ತ ಲೇಟ್ ಆತು?’