ಮರ ಸುಡುತ್ತಿದೆಯೇ? ಬ್ಲೇಡು ನೆಟ್ಟಗಿದೆಯಾ ನೋಡಿ

ಬರದಲ್ಲಿ ಸುಳಿ ಒಣಗಿದ ತೆಂಗು, ಬದುವಿನ ಸಿಲ್ವರ್, ಹೆಬ್ಬೇವು - ಇವನ್ನು ಮನೆಯಲ್ಲೇ ಸೀಳಿಕೊಳ್ಳೋಣ ಅಂತ ಚನ್ನರಾಯಪಟ್ಟಣ, ಹೊಳೆನರಸೀಪುರದ ಕಡೆ ಮೋಟಾರಿನ ಗರಗಸದ ಮೇಜು ಇಟ್ಟುಕೊಂಡವರಿದ್ದಾರೆ. ಕೊಟ್ಟಿಗೆಯ ರೀಪರ್, ಜೇನುಪೆಟ್ಟಿಗೆ, ಬಿತ್ತನೆ ಆಲೂಗೆಡ್ಡೆ ಹರವುವ ಅಟ್ಟ, ಎಲ್ಲಕ್ಕೂ ಅದೇ. ಬಹುಪಾಲು ವೆಲ್ಡಿಂಗ್ ಶಾಪಿನಲ್ಲಿ ಆಂಗಲ್ ಪಟ್ಟಿಯಿಂದ ಮಾಡಿಸಿದವು. ಓಡಿ ಓಡಿ ಅದುರಿ ಬೋಲ್ಟು ಸಡಿಲವಾಗುತ್ತದೆ, ಬ್ಲೇಡು ಕೂದಲೆಳೆಯಷ್ಟು ಓರೆಯಾಗುತ್ತದೆ. ನಾವು ಮಾತ್ರ ಹಲ್ಲು ಮೊಂಡಾಯ್ತು ಅಂತ ಸಾಣೆಗೆ ಕಳಿಸುತ್ತೇವೆ.

ನಾನೂ ಹಾಗೇ ಮಾಡಿದವನೇ. ತೆಂಗಿನ ರೀಪರ್ ಸೀಳುವಾಗ ಒಂದು ತುಂಡು ಹಿಂದಕ್ಕೆ ಎಗರಿ ತೊಡೆಗೆ ಬಡಿಯಿತು. ಹದಿನೈದು ದಿನ ಕುಂಟಿದೆ. ಮರದ ತಪ್ಪು ಅಂದುಕೊಂಡಿದ್ದೆ. ತಪ್ಪು ಗೈಡ್ ಪಟ್ಟಿಯದು.

ಕಾರಣ ಸರಳ. ಬ್ಲೇಡಿನ ಮುಂದಿನ ಹಲ್ಲು ಮರವನ್ನು ಮೇಜಿಗೆ ಒತ್ತುತ್ತದೆ. ಹಿಂದಿನ ಹಲ್ಲು ಕೆಳಗಿಂದ ಮೇಲಕ್ಕೆ ಏಳುತ್ತದೆ. ಗೈಡಿಗೂ ಬ್ಲೇಡಿಗೂ ನಡುವಿನ ಜಾಗ ಹಿಂದುಗಡೆ ಕಿರಿದಾದರೆ ಮರ ಅಲ್ಲಿ ಸಿಕ್ಕಿಕೊಳ್ಳುತ್ತದೆ, ಏಳುವ ಹಲ್ಲು ಅದನ್ನು ನಮ್ಮತ್ತ ಎಸೆಯುತ್ತದೆ. 1440 ಸುತ್ತಿನ ಮೋಟಾರಿಗೆ ಪುಲ್ಲಿ ಹಾಕಿ ವೇಗ ಎರಡರಷ್ಟು ಮಾಡಿದ್ದರೆ 12 ಇಂಚಿನ ಬ್ಲೇಡಿನ ಹಲ್ಲು ಗಂಟೆಗೆ ಸುಮಾರು 165 ಕಿ.ಮೀ. ವೇಗದಲ್ಲಿ ಓಡುತ್ತದೆ. ಲೆಕ್ಕ ಹಾಕಿ ನೋಡಿ!

ಪರೀಕ್ಷೆಗೆ ಮೊದಲು ಮೈನ್ ಸ್ವಿಚ್ ತೆಗೆಯಿರಿ, ಬೆಲ್ಟನ್ನೂ ಕಳಚಿ. ಬ್ಲೇಡು ಪೂರ್ತಿ ಮೇಲಿರಲಿ. ಒಂದು ಹಲ್ಲಿಗೆ ಸೀಮೆಸುಣ್ಣದ ಗುರುತು ಹಾಕಿ ಮುಂದಕ್ಕೆ ತನ್ನಿ. ಮೇಜಿನ ಜಾಡಿಗೆ ಮೂಲೆಮಟ್ಟ ಆನಿಸಿ ಆ ಹಲ್ಲಿಗೆ ಎಷ್ಟು ದೂರ ಅಂತ ಅಳೆಯಿರಿ. ಈಗ ಅದೇ ಹಲ್ಲನ್ನು ಹಿಂದಕ್ಕೆ ತಿರುಗಿಸಿ ಅಳೆಯಿರಿ. ಬೇರೆ ಹಲ್ಲು ಹಿಡಿಯಬೇಡಿ. ಬ್ಲೇಡು ಸ್ವಲ್ಪ ಡೊಂಕಿದ್ದರೆ ಆ ತಪ್ಪೂ ಅಳತೆಯಲ್ಲಿ ಸೇರಿಬಿಡುತ್ತದೆ. ಎರಡು ಅಳತೆಗೂ ನೋಟ್‌ಬುಕ್ಕಿನ ಒಂದೆರಡು ಹಾಳೆಯಷ್ಟು ವ್ಯತ್ಯಾಸ ಇದ್ದರೆ ನಮ್ಮ ಕೆಲಸಕ್ಕೆ ತೊಂದರೆಯಿಲ್ಲ. ಜಾಸ್ತಿಯಾದರೆ ಸರಿಮಾಡಲೇಬೇಕು.

ಮೂಲೆಮಟ್ಟ ಒಂದೇ ಕಡೆ ಹಿಡಿದು ಬ್ಲೇಡನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿಯೂ ನೋಡಿ. ಸಂದು ಹೆಚ್ಚುಕಡಿಮೆ ಆಗುತ್ತಿದ್ದರೆ ಬ್ಲೇಡು ಡೊಂಕು, ಇಲ್ಲವೇ ವಾಷರಿನ ಹಿಂದೆ ಅಂಟು, ಹೊಟ್ಟು ಕೂತಿದೆ. ಹಲಸು ಸೀಳಿದ ಮೇಲೆ ಇದು ಖಾಯಂ. ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿದರೆ ಅರ್ಧ ಕಾಯಿಲೆ ಅಲ್ಲೇ ವಾಸಿ.

ಇನ್ನು ಸರಿಮಾಡುವುದು. ಶಾಫ್ಟ್ ಕೂತಿರುವ ಎರಡು ಬೇರಿಂಗ್ ಬ್ಲಾಕುಗಳಲ್ಲಿ ಎರಡರ ಬೋಲ್ಟನ್ನೂ ಸ್ವಲ್ಪವೇ ಸಡಿಲಿಸಿ, ಪುಲ್ಲಿ ಹತ್ತಿರದ್ದನ್ನು ಮರದ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ ಮುಂದಕ್ಕೋ ಹಿಂದಕ್ಕೋ ಸರಿಸಿ. ಬೇರಿಂಗುಗಳ ನಡುವೆ 1 ಅಡಿ ಇದ್ದರೆ ಬ್ಲಾಕು 1 ಮಿ.ಮೀ. ಸರಿದಾಗ 12 ಇಂಚಿನ ಬ್ಲೇಡಿನ ತುದಿಯಿಂದ ತುದಿಗೆ ಹತ್ತಿರ ಹತ್ತಿರ 1 ಮಿ.ಮೀ. ಓರೆ ತಿರುಗುತ್ತದೆ. ಹಾಗಾಗಿ ಜೋರಾಗಿ ಬಡಿಯಬೇಡಿ. ಬೋಲ್ಟು ಬಿಗಿಮಾಡಿ ಮತ್ತೆ ಅಳೆಯಿರಿ, ಬಿಗಿಮಾಡುವಾಗಲೇ ಜರುಗುವುದುಂಟು. ಆಮೇಲೆ ಪುಲ್ಲಿಗಳು ಒಂದೇ ನೇರದಲ್ಲಿವೆಯಾ ನೋಡಿ ಬೆಲ್ಟು ಹಾಕಿ.

ಗೈಡ್ ಪಟ್ಟಿ ಕೊನೆಗೆ. ಅದೇ ಗುರುತಿನ ಹಲ್ಲಿನಿಂದ ಮುಂದೆ, ಹಿಂದೆ ಅಳೆದು ಸಮ ಮಾಡಿ. ಹಿಂದುಗಡೆ ಒಂದು ಹಾಳೆಯಷ್ಟು ಅಗಲ ಇದ್ದರೂ ಇರಲಿ, ಕಿರಿದು ಮಾತ್ರ ಬೇಡ. ಮೇಜಿಗೆ ಜಾಡೇ ಇಲ್ಲದಿದ್ದರೆ ಬ್ಲಾಕಿನ ತಂಟೆಗೇ ಹೋಗಬೇಡಿ, ಉದ್ದ ಸೀಳಲು ಗೈಡೊಂದು ಸರಿಯಿದ್ದರೆ ಸಾಕು.

ಆದರೆ ಒಂದು ಮಾತು. ಎಲ್ಲಾ ಸರಿಯಿದ್ದರೂ ಹಸಿ ಮರ, ಸೆಳೆತವಿರುವ ಮರ ಸೀಳಿದ ಹಾಗೇ ಮುಚ್ಚಿಕೊಂಡು ಬ್ಲೇಡನ್ನು ಕಚ್ಚುತ್ತದೆ. ಅದಕ್ಕೇ ಬ್ಲೇಡಿನ ಹಿಂದೆ ಸೀಳು ಅಗಲವಾಗಿಡುವ ತಗಡಿನ ಪಟ್ಟಿ ಇರಬೇಕು. ಇಲ್ಲದಿದ್ದರೆ ವೆಲ್ಡಿಂಗಿನವರ ಹತ್ತಿರ ಹಾಕಿಸಿ. ತೆಂಗಿಗೆ ಕಾರ್ಬೈಡ್ ಹಲ್ಲಿನ ಬ್ಲೇಡೇ ಆಗಬೇಕು. ಅದರ ಹೊರಮೈ ಕಲ್ಲು, ಒಳಗೆ ಮೆತ್ತಗೆ.

ಸರಿಯಾಯಿತೋ ಇಲ್ಲವೋ ತಿಳಿಯಲು ಒಂದು ಬೇಡದ ಸಿಲ್ವರ್ ತುಂಡು ಸೀಳಿ. ಸೀಳಿದ ಮುಖದಲ್ಲಿ ಹಲ್ಲಿನ ಗೆರೆಗಳು ಎರಡೂ ದಿಕ್ಕಿಗೆ ಒಂದನ್ನೊಂದು ಹಾಯ್ದಿದ್ದರೆ ಬ್ಲೇಡು ನೆಟ್ಟಗಿದೆ. ಕಪ್ಪಗೆ ಸುಟ್ಟಿದ್ದರೆ ಮತ್ತೆ ಅಳೆಯಿರಿ. ಸೀಳುವಾಗ ಬ್ಲೇಡಿನ ನೇರಕ್ಕೆ ನಿಲ್ಲಬೇಡಿ, ಒಂದು ಪಕ್ಕಕ್ಕೆ ನಿಂತುಕೊಳ್ಳಿ. ಮಕ್ಕಳನ್ನಂತೂ ಆ ದಿಕ್ಕಿಗೆ ಬಿಡಲೇಬೇಡಿ.