ಸೋರುವ ಬೆಳಕಿಗೂ ಬೆಲೆ ಇದೆ

ತಾಂಡೂರು ಪಕ್ಕದ ಪೆದ್ದೆಮುಲ್ ಇರಲಿ, ಕರಾವಳಿಯ ಯಾವುದೋ ಹಳ್ಳಿ ಇರಲಿ, ಆಪ್ಟಿಕಲ್ ಫೈಬರ್ ಅಂದರೆ ಜನರಿಗೆ ನೆನಪಾಗುವುದು ಇಂಟರ್‌ನೆಟ್ ಕೇಬಲ್. ಅದನ್ನು ಗ್ರಾಮ ಪಂಚಾಯತ್‌ಗಳಿಗೆ ಮುಟ್ಟಿಸುವ ಭಾರತ್‌ನೆಟ್ ಯೋಜನೆ 2011ರಲ್ಲೇ ಬೇರೆ ಹೆಸರಿನಲ್ಲಿ ಶುರುವಾಗಿತ್ತು. ಆ ಕೇಬಲ್‌ನಲ್ಲಿ ಬೆಳಕು ದಾರಿ ಮಧ್ಯೆ ಸೋರಿದರೆ ನಷ್ಟ. ಅದೇ ಸೋರಿಕೆಯನ್ನು ಬೇಕಂತಲೇ ಮಾಡಿಸಿದರೆ? ಆಗ ಫೈಬರ್ ಒಂದು ಚಪ್ಪಟೆ ದೀಪವಾಗುತ್ತದೆ.

ಎಲ್‌ಸಿಡಿ ಪರದೆಗೆ ಸ್ವಂತ ಬೆಳಕಿಲ್ಲ. ಹಿಂದಿನಿಂದ ಎಲ್ಲಾ ಕಡೆ ಸಮನಾಗಿ ಬೆಳಕು ಬೀಳಬೇಕು. ಇದಕ್ಕೆ ಅಕ್ರಿಲಿಕ್ ಪ್ಲಾಸ್ಟಿಕ್‌ನ ಸಪೂರ ಫೈಬರ್‌ಗಳನ್ನು ಬಟ್ಟೆಯ ಹಾಗೆ ದಾರದ ಜೊತೆ ನೇಯುತ್ತಾರೆ. ನೆಟ್ಟಗಿರುವ ಫೈಬರ್‌ನಲ್ಲಿ ಬೆಳಕು ಒಳಗೋಡೆಗೆ ಓರೆಯಾಗಿ ಬಡಿದು ಮತ್ತೆ ಒಳಕ್ಕೇ ತಿರುಗುತ್ತದೆ. ದಾರದ ಮೇಲೆ, ಕೆಳಗೆ ಹಾದು ಬಾಗಿದ ಕಡೆ ಕೋನ ತಪ್ಪಿ ಸ್ವಲ್ಪ ಹೊರಗೆ ಬರುತ್ತದೆ. ದೀಪದಿಂದ ದೂರ ಹೋದ ಹಾಗೆ ಒಳಗಿನ ಬೆಳಕು ಕಡಿಮೆಯಾಗುವುದರಿಂದ, ಅಲ್ಲಿ ಬಾಗು ಹೆಚ್ಚುವಂತೆ ನೇಯ್ಗೆ ಬದಲಿಸಬೇಕು. ಕಷ್ಟದ ಕೆಲಸ ಇದೇ, ಇಲ್ಲದಿದ್ದರೆ ಪರದೆಯ ಒಂದು ಬದಿ ಮಂಕು. ಹಿಂದೆ ಬೆಳಕು ಮರಳಿಸುವ ಹಾಳೆ, ಮುಂದೆ ಅದನ್ನು ಹರಡುವ ಹಾಳೆ. ಫೈಬರ್ ತುದಿಗಳನ್ನೆಲ್ಲ ಒಟ್ಟು ಕಟ್ಟಿ ದೂರದ ದೀಪಕ್ಕೆ ಜೋಡಿಸಿದರೆ ಆಯಿತು. ಬಿಸಿಯೂ ಕರೆಂಟೂ ದೀಪದ ಹತ್ತಿರವೇ ಉಳಿಯುತ್ತವೆ, ಪರದೆಗೆ ಬರುವುದು ಬೆಳಕು ಮಾತ್ರ.

ಹಾಗಾದರೆ ಕೈಯಲ್ಲಿರುವ ಮೊಬೈಲ್‌ನಲ್ಲಿ ಇದು ಯಾಕಿಲ್ಲ? ಲೆಕ್ಕ ಸರಳ. ಅಂಚಿನಲ್ಲಿ ನಾಲ್ಕಾರು ಎಲ್‌ಇಡಿ, ಹಿಂದೆ ಚುಕ್ಕಿ ಕೊರೆದ ಒಂದು ಪ್ಲಾಸ್ಟಿಕ್ ಹಾಳೆ ಇಟ್ಟರೆ ಅಗ್ಗದಲ್ಲಿ ಕೆಲಸ ಮುಗಿಯುತ್ತದೆ. ಆ ಹಾಳೆಯೂ ಮಾಡುವುದು ಬೆಳಕನ್ನು ಹಿಡಿದಿಟ್ಟು ಬೇಕಾದಲ್ಲಿ ಸೋರಿಸುವುದನ್ನೇ. ಈಗಿನ ಓಎಲ್‌ಇಡಿ ಪರದೆಗಂತೂ ಹಿಂದಿನ ಬೆಳಕೇ ಬೇಡ.

ಆದರೂ ನೇಯ್ದ ಫೈಬರ್ ಮೂಲೆಗೆ ಬಿದ್ದಿಲ್ಲ. ನವಜಾತ ಶಿಶುವಿನ ಕಾಮಾಲೆಗೆ ನೀಲಿ ಬೆಳಕಿನ ಚಿಕಿತ್ಸೆ ಇದೆ. ಚರ್ಮದಲ್ಲಿರುವ ಬಿಲಿರುಬಿನ್ ಎಂಬ ಹಳದಿ ವಸ್ತುವನ್ನು ಆ ಬೆಳಕು ದೇಹ ಹೊರಹಾಕಬಲ್ಲ ರೂಪಕ್ಕೆ ತರುತ್ತದೆ. ಕಾಮಾಲೆ ವಿಪರೀತ ಏರಿದರೆ ಮಗುವಿನ ಮೆದುಳಿಗೇ ಅಪಾಯ, ಬೆಳಗಿನ ಬಿಸಿಲಿಗೆ ಹಿಡಿದರೆ ಸಾಕು ಎಂದು ಕಾಯುವ ವಿಷಯ ಅಲ್ಲ. ಮಾಮೂಲಾಗಿ ಮಗುವನ್ನು ದೀಪದಡಿ ಮಲಗಿಸುತ್ತಾರೆ. ಫೈಬರ್ ಪ್ಯಾಡ್ ಆದರೆ ನೇರ ಬೆನ್ನಿಗೆ ಸುತ್ತಬಹುದು, ದೀಪದ ಪೆಟ್ಟಿಗೆ ದೂರದಲ್ಲೇ ಇರುವುದರಿಂದ ಮೈಗೆ ಬಿಸಿ ತಾಗದು. ಪ್ಯಾಡ್ ಸಣ್ಣದು, ಬೆಳಕು ಬೀಳುವ ಜಾಗವೂ ಕಡಿಮೆ. ಹಾಗಾಗಿ ಅದೊಂದೇ ಸಾಕೇ, ಮೇಲಿನ ದೀಪವೂ ಬೇಕೇ ಎಂದು ಹೇಳಬೇಕಾದವರು ವೈದ್ಯರು. ಪ್ಯಾಡ್ ಸುತ್ತಿರುವಾಗಲೂ ತಾಯಿ ಮಗುವನ್ನು ಮಡಿಲಿಗೆತ್ತಿಕೊಂಡು ಹಾಲು ಕುಡಿಸಬಹುದು.