ಆಯುಸ್ಸು ಗಟ್ಟಿಯೆಂಬ ಮಾತನ್ನು ಒಪ್ಪದ ವೈಮಾನಿಕ

1917ನೆಯ ಇಸವಿಯಲ್ಲಿ, ಯೂರೋಪಿನ ಮಹಾಯುದ್ಧವು ಇನ್ನೂ ಉಲ್ಬಣಾವಸ್ಥೆಯಲ್ಲಿದ್ದಾಗ, ಅಮೆರಿಕದ ಟೆಕ್ಸಾಸ್ ಪ್ರಾಂತದ ಆಕಾಶದಲ್ಲಿ ಎರಡು ತರಬೇತಿ ವಿಮಾನಗಳು ಒಂದಕ್ಕೊಂದು ಡಿಕ್ಕಿ ಹೊಡೆದವು. ಅವುಗಳಲ್ಲೊಂದರಲ್ಲಿ ಕುಳಿತಿದ್ದವನು, ಸ್ವದೇಶದ ಸೇನೆಯು ಬೇಡವೆಂದ ಮೇಲೆ ಕೆನಡಾಕ್ಕೆ ಹೋಗಿ ಬ್ರಿಟಿಷರ ರಾಯಲ್ ಫ್ಲೈಯಿಂಗ್ ಕೋರನ್ನು ಸೇರಿಕೊಂಡಿದ್ದ, 22 ವರ್ಷ ವಯಸ್ಸಿನ ಹ್ಯೂ ಡಿ ಹೇವನ್ ಎಂಬ ಅಮೆರಿಕದ ತರುಣ. ಕೆನಡಾದ ಹಿಮಗಾಲದಲ್ಲಿ ಹಾರಾಟ ಕಲಿಸುವುದು ದುಸ್ಸಾಧ್ಯವೆಂದು ಆ ದಳವು ತನ್ನ ಶಿಕ್ಷಣ ಶಿಬಿರಗಳನ್ನು ದಕ್ಷಿಣದ ಬಯಲಿಗೆ ತಂದಿದ್ದಿತು. ನೂರಾರು ಅಡಿಗಳ ಮೇಲಿನಿಂದ ಉರುಳಿ ನೆಲಕ್ಕಪ್ಪಳಿಸಿದ ವಿಮಾನದೊಳಗಿಂದ ಡಿ ಹೇವನ್ನನನ್ನು ಜೀವಸಹಿತ ಹೊರತೆಗೆದರು. ಎರಡು ಕಾಲುಗಳೂ ಮುರಿದಿದ್ದವು. ಯಕೃತ್ತು, ಪಿತ್ತಕೋಶ, ಮೇದೋಜೀರಕಗ್ರಂಥಿಗಳು ಒಡೆದಿದ್ದವು.

ಇಂಥವನು ಬದುಕಿದನೆಂದರೆ ನಮ್ಮಲ್ಲಿ ಹೇಳುವ ಮಾತು ಒಂದೇ: ಆಯುಸ್ಸು ಗಟ್ಟಿಯಿತ್ತು. ಆತನ ಸುತ್ತಲಿನವರೂ ಅದೃಷ್ಟವೆಂದೇ ತೀರ್ಮಾನಿಸಿದರು. ಡಿ ಹೇವನ್ ಮಾತ್ರ ಒಪ್ಪಲಿಲ್ಲ. ತಿಂಗಳುಗಟ್ಟಲೆ ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿ ತನ್ನ ಗಾಯಗಳನ್ನು ತಾನೇ ಒಂದೊಂದಾಗಿ ವಿಚಾರಿಸುತ್ತ, ಹೊಟ್ಟೆಯೊಳಗಿನ ಆ ಭೀಕರ ಹಾನಿಗೆ ಕಾರಣವಾದದ್ದು ವಿಮಾನದ ಪತನವಲ್ಲ, ತನ್ನನ್ನು ಕಾಪಾಡಬೇಕಾಗಿದ್ದ ಸೊಂಟದ ಪಟ್ಟಿಯ ಚೂಪಾಗಿ ಮುಂಚಾಚಿದ್ದ ಬಕಲ್ಲೆಂಬುದನ್ನು ಕಂಡುಕೊಂಡನು. ವಿಮಾನವು ಏಕೆ ಬಿತ್ತೆಂದು ವಿಚಾರಿಸಲು ಆಗಲೇ ಅನೇಕರಿದ್ದರು; ಬಿದ್ದ ವಿಮಾನದೊಳಗೆ ಮನುಷ್ಯನನ್ನು ಕೊಂದ ವಸ್ತು ಯಾವುದೆಂದು ವಿಚಾರಿಸುವವರು ಇರಲಿಲ್ಲ. ಆ ವಿಚಾರಣೆಯು ಈ ಗಾಯಾಳುವಿನ ಪಾಲಿಗೆ ಬಂದಿತು.

ಮುಂದಿನ ಸುಮಾರು ಎರಡು ದಶಕಗಳನ್ನು ಹಾರಿಸಿಬಿಡಬಹುದು. ಆತನು ಯಂತ್ರಗಳನ್ನು ಕಲ್ಪಿಸುವವನಾದನು. ವೃತ್ತಪತ್ರಿಕೆಗಳ ಕಟ್ಟುಗಳನ್ನು ತಾನೇ ಬಿಗಿಯುವ ಯಂತ್ರವೊಂದನ್ನು ನಿರ್ಮಿಸಿ, ನಡುವಯಸ್ಸಿಗೆ ಮುಂಚೆಯೇ ಜೀವನೋಪಾಯದ ಚಿಂತೆಯಿಲ್ಲದಷ್ಟು ಹಣ ಸಂಪಾದಿಸಿದನು. ಆಮೇಲೆ ಕಣ್ಣೆದುರು ನಡೆದ ಒಂದು ಮೋಟಾರು ಅಪಘಾತದಲ್ಲಿ, ಚಾಲಕನ ಮುಂದಿನ ಫಲಕದ ಗುಬುಟೊಂದು ಒಬ್ಬನ ತಲೆಯನ್ನು ಸೀಳಿದ್ದನ್ನು ನೋಡಿ ಹಳೆಯ ಪ್ರಶ್ನೆಯು ಮತ್ತೆ ಎದ್ದಿತು.

ಆತನ ಅಡಿಗೆಮನೆಯೇ ಮೊದಲ ಪ್ರಯೋಗಶಾಲೆ. ರಬ್ಬರಿನ ಹಾಸಿನ ಮೇಲೆ ಕೋಳಿಮೊಟ್ಟೆಗಳನ್ನು ಬೀಳಿಸುತ್ತ, ಹಾಸು ತಕ್ಕಷ್ಟು ತಗ್ಗಿದರೆ ಎತ್ತರದಿಂದ ಬಿದ್ದ ಮೊಟ್ಟೆಯೂ ಒಡೆಯದೆಂಬುದನ್ನು ಮನಗಂಡನು. ಅಷ್ಟರಿಂದ ತೃಪ್ತನಾಗದೆ, ಮಹಡಿಗಳಿಂದ ಬಿದ್ದೂ ಬದುಕಿದ ಮನುಷ್ಯರ ವೃತ್ತಾಂತಗಳನ್ನು ಸಂಗ್ರಹಿಸತೊಡಗಿದನು. ಅವುಗಳಲ್ಲಿ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸುವುದು ಒಬ್ಬ ಹೆಂಗಸಿನ ಪ್ರಸಂಗ. ಹದಿನೇಳನೆಯ ಅಂತಸ್ತಿನಿಂದ, ಎಂದರೆ 144 ಅಡಿಗಳಷ್ಟು ಮೇಲಿನಿಂದ ಬಿದ್ದ ಆಕೆಯ ದೇಹವು ಗಾಳಿಯಾಡಲೆಂದು ಇಟ್ಟಿದ್ದ ಲೋಹದ ಪೆಟ್ಟಿಗೆಯೊಂದರ ಮೇಲೆ ಬಿದ್ದಿತು. ಪೆಟ್ಟಿಗೆಯು ಒಂದೂವರೆ ಅಡಿಯವರೆಗೂ ನಜ್ಜುಗುಜ್ಜಾಯಿತು; ಪೆಟ್ಟಿಗೆಯಿಂದಾಚೆಗೆ ಚಾಚಿಕೊಂಡಿದ್ದ ಕೈಗಳು ಮುರಿದುವು, ಪಾದವೊಂದು ಜಜ್ಜಿತು; ಮುಂಡಭಾಗವು ಉಳಿಯಿತು. ಆಕೆಯು ಎದ್ದು ಕುಳಿತು, ತನ್ನನ್ನು ಕೋಣೆಗೆ ಕರೆದೊಯ್ಯಿರೆಂದು ಕೇಳಿದಳು. ಲೆಕ್ಕವು ಸರಳವಾದುದು. 144 ಅಡಿಗಳ ಪತನವನ್ನು ಒಂದೂವರೆ ಅಡಿಯ ಅವಕಾಶದಲ್ಲಿ ತಡೆದರೆ ದೇಹದ ಮೇಲೆ ಬೀಳುವ ಸರಾಸರಿ ಬಲವು ಅದರ ತೂಕದ ಸುಮಾರು ನೂರುಪಟ್ಟು. ಅದೇ ಪತನವನ್ನು ಗಟ್ಟಿನೆಲವು ಒಂದೇ ಅಂಗುಲದಲ್ಲಿ ತಡೆದರೆ 1,700 ಪಟ್ಟಿಗೂ ಮಿಕ್ಕುತ್ತದೆ. ಆಕೆಯ ಆಯುಸ್ಸು ಇದ್ದದ್ದು ಆ ಪೆಟ್ಟಿಗೆಯ ತಗಡಿನಲ್ಲಿ. ಇಂಥ ಎಂಟು ಪ್ರಸಂಗಗಳನ್ನು 1942ರಲ್ಲಿ ಪ್ರಕಟಿಸಿ, ಬಲವು ದೇಹದ ಉದ್ದಕ್ಕೆ ಅಡ್ಡಲಾಗಿ ಬಿದ್ದಲ್ಲಿ, ಕ್ಷಣಮಾತ್ರಕ್ಕೆ ಮನುಷ್ಯನು ಗುರುತ್ವದ 200 ಪಟ್ಟನ್ನೂ ತಾಳಬಲ್ಲನೆಂದು ಡಿ ಹೇವನ್ ಸಾರಿದನು. ವೈದ್ಯನಲ್ಲದ, ಪದವೀಧರನೂ ಅಲ್ಲದ ಒಬ್ಬನಿಗೆ ಈ ಮಾತನ್ನು ಆಡಲು ಎಷ್ಟು ಧೈರ್ಯ ಬೇಕಾಗಿದ್ದಿರಬೇಕು!

ಅದೇ ವರ್ಷ ನ್ಯೂಯಾರ್ಕಿನಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜು ಆತನಿಗೆ ಆಶ್ರಯವಿತ್ತು, ಅಪಘಾತದ ಗಾಯಗಳ ಸಂಶೋಧನೆಯು ಅಲ್ಲಿ ಆರಂಭವಾಯಿತು. ಸಣ್ಣ ವಿಮಾನಗಳ ಅಪಘಾತದಲ್ಲಿ ಬದುಕುಳಿದ 800 ಮಂದಿಯ ಗಾಯಗಳನ್ನು ಪರಿಶೀಲಿಸಿದ ವರದಿಯು 1952ರಲ್ಲಿ ಹೊರಬಿದ್ದಿತು. ತಲೆಗೇ ಹೆಚ್ಚು ಪೆಟ್ಟು. ಅದಕ್ಕೆ ಕಾರಣ ಉಪಕರಣಫಲಕ, ಚಕ್ರ, ಗುಬುಟುಗಳು. ಕೊಠಡಿಯು ಕುಸಿಯದೆ ನಿಂತಿದ್ದರೂ ಒಳಗಿದ್ದವನು ಮಾತ್ರ ಸಾಯುತ್ತಿದ್ದನು. ಪತ್ರಿಕೆಗಳ ಕಟ್ಟನ್ನು ಬಿಗಿದಿದ್ದ ಕೈ ಹೇಳಿತು: ಒಡೆಯುವ ಸಾಮಾನನ್ನು ಊರಿಂದೂರಿಗೆ ಕಳುಹಿಸುವಾಗ ಪೆಟ್ಟಿಗೆ ಬಾಯಿಬಿಡಬಾರದು, ಒಳಗಿನದು ಅಲುಗಾಡಬಾರದು, ಸುತ್ತ ಮೆತ್ತೆಯಿರಬೇಕು, ಮನುಷ್ಯನನ್ನು ಕಳುಹಿಸುವಾಗ ಇಷ್ಟಾದರೂ ಬೇಡವೇ?

ಆ ವರದಿಗೂ ಮೊದಲೇ ಈ ಉಪದೇಶವನ್ನು ಮನಸಾರೆ ಸ್ವೀಕರಿಸಿದವರಲ್ಲಿ ಫ್ರೆಡ್ ವೀಕ್ ಎಂಬ ವಿಮಾನಶಿಲ್ಪಿಯೊಬ್ಬನು. ಹೊಲಗಳಿಗೆ ಔಷಧ ಸಿಂಪಡಿಸಲೆಂದು ಆತನು 1950ರಲ್ಲಿ ರಚಿಸಿದ ವಿಮಾನದಲ್ಲಿ ಚಾಲಕನಿಗೆ ಎತ್ತರದ ಪೀಠ, ಭುಜಪಟ್ಟಿ, ಸುತ್ತ ಬಲಿಷ್ಠವಾದ ಕಂಬಿಕಟ್ಟು. ಡಿಕ್ಕಿಯಾದರೆ ಮೊದಲು ನುಗ್ಗಾಗಲು ಮುಂದೆ ಉದ್ದನೆಯ ಮೂತಿ. ಅದು ಸಿದ್ಧವಾದದ್ದೂ ಟೆಕ್ಸಾಸಿನಲ್ಲಿಯೇ.

ಆದರೆ ಕೀರ್ತಿಯ ಹಂಚಿಕೆಯಲ್ಲಿ ಡಿ ಹೇವನ್ನನಿಗೆ ಅನ್ಯಾಯವಾಯಿತೆಂದೇ ನಾನು ಹೇಳುತ್ತೇನೆ. 1954ರಲ್ಲಿ ರಾಕೆಟ್ ಬಂಡಿಯೇರಿ ಗಂಟೆಗೆ 1,017 ಕಿಲೋಮೀಟರ್ ವೇಗದಿಂದ ಒಮ್ಮೆಲೇ ನಿಂತು ತೋರಿಸಿದ ಕರ್ನಲ್ ಸ್ಟ್ಯಾಪ್ ಮಹಾಸಾಹಸಿ, ಸಂದೇಹವಿಲ್ಲ. 1959ರಲ್ಲಿ ವೋಲ್ವೊ ಕಾರಿಗೆ ಮೂರು ಬಿಂದುಗಳ ಪಟ್ಟಿಯನ್ನು ಅಳವಡಿಸಿದ ನಿಲ್ಸ್ ಬೋಲಿನ್ ವಂದ್ಯನು. ಆದರೆ ಸೊಂಟಕ್ಕೂ ಭುಜಕ್ಕೂ ಕೂಡಿದ ಪಟ್ಟಿಗೆ ಗ್ರಿಸ್ವೋಲ್ಡ್ ಎಂಬವನೊಡನೆ ಡಿ ಹೇವನ್ 1955ರಲ್ಲಿಯೇ ಪೇಟೆಂಟ್ ಪಡೆದಿದ್ದನೆಂಬುದನ್ನು ಎಷ್ಟು ಜನ ಬಲ್ಲರು? ಬೋಲಿನ್ನನ ಪಟ್ಟಿ ಅದಕ್ಕಿಂತ ಉತ್ತಮವಾಗಿತ್ತೆಂಬುದು ನಿಜ. ದಾರಿ ಕಡಿದವನು ಮರೆಯಾಗಲು ಅದು ಸಾಕಾದ ಕಾರಣವಲ್ಲ. 1980ರಲ್ಲಿ ಆತನು ತೀರಿಕೊಂಡನು.

2010ರ ಮೇ 22ರಂದು ಮಂಗಳೂರಿನ ಬಜಪೆಯಲ್ಲಿ ದುಬೈಯಿಂದ ಬಂದ ವಿಮಾನವು ರನ್‌ವೇಯನ್ನು ದಾಟಿ ಕಮರಿಗೆ ಉರುಳಿದಾಗ 166 ಮಂದಿಯಲ್ಲಿ 158 ಮಂದಿ ಸತ್ತರು, ಎಂಟು ಮಂದಿ ಉಳಿದರು. ವಿಮಾನವು ಏಕೆ ಉರುಳಿತೆಂಬುದನ್ನು ವಾಯುಸೇನೆಯ ನಿವೃತ್ತ ಏರ್ ಮಾರ್ಷಲ್ ಭೂಷಣ್ ಗೋಖಲೆಯವರ ಸಮಿತಿಯು ವಿವರವಾಗಿ ವಿಚಾರಿಸಿತು. ಆ ಎಂಟು ಮಂದಿಯ ವಿಷಯದಲ್ಲಿಯಾದರೋ ನಮ್ಮ ಜನರ ಮಾತು ಬಹುಮಟ್ಟಿಗೆ ಪವಾಡವೆಂಬಲ್ಲಿಗೇ ನಿಂತಿತು. ಇಂಥ ಸುದ್ದಿ ಬರೆಯುವ ಪತ್ರಕರ್ತ ಮಿತ್ರರಲ್ಲಿ ನನ್ನ ವಿಜ್ಞಾಪನೆ ಇಷ್ಟು: ಬದುಕಿದವರನ್ನು ಕಂಡಾಗ ಅವರು ಎಲ್ಲಿ ಕುಳಿತಿದ್ದರು, ಪಟ್ಟಿ ಬಿಗಿದಿದ್ದರೇ, ಪೀಠವು ಕಿತ್ತುಬಂದಿತೇ, ಯಾವ ಬಿರುಕಿನಿಂದ ಹೊರಬಂದರು ಎಂಬುದನ್ನು ದಯವಿಟ್ಟು ಕೇಳಿ ಬರೆಯಿರಿ.